ಬಲಿತ ಸೆಣಬು

ಟ್ರ್ಯಾಕ್ಟರ್ ಬಾಡಿಗೆಯಲ್ಲಿ ನೂರು ರೂಪಾಯಿ ಉಳಿಸಿದ್ದಕ್ಕೆ ನಾನು ತೆತ್ತ ಬೆಲೆ ಹದಿನೆಂಟು ದಿನ. ದುಡ್ಡಾಗಿದ್ದರೆ ಮತ್ತೆ ದುಡಿಯಬಹುದಿತ್ತು. ದಿನಗಳನ್ನು ಯಾವ ಸಂತೆಯಲ್ಲಿ ಕೊಳ್ಳಲಿ?

ಆನೆಗೊಂದಿಯಲ್ಲಿ ಬಾಳೆಹಣ್ಣು ಕೊಂಡು, ಕೊಪ್ಪಳದ ಬಸ್ ನಿಲ್ದಾಣದಲ್ಲಿ ಮಾರಿ, ಗಂಗಾವತಿಯ ಹತ್ತಿರ ಮೂರು ಎಕರೆ ಗದ್ದೆ ಮಾಡಿಕೊಂಡವನು ನಾನು. ಆ ವ್ಯಾಪಾರ ಕಲಿಸಿದ ವಿದ್ಯೆ ಒಂದೇ: ಕೊಳ್ಳುವಾಗ ತಡೆದು ಕೂರಬೇಕು. ಸಂಜೆಯಾಗಲಿ, ಹಣ್ಣಿಗೆ ಕಪ್ಪು ಚುಕ್ಕಿ ಬೀಳಲಿ, ದರ ತಾನೇ ಇಳಿಯುತ್ತದೆ.

ಈ ಸಲ ಭತ್ತಕ್ಕೆ ಮುಂಚೆ ಹಸಿರು ಗೊಬ್ಬರಕ್ಕೆಂದು ಸೆಣಬು ಬಿತ್ತಿದ್ದೆ. ಹಳದಿ ಮೊಗ್ಗು ಕಂಡೊಡನೆ ಅದನ್ನು ಮಗುಚಿ ಮಣ್ಣಿಗೆ ಸೇರಿಸಬೇಕು. ಟ್ರ್ಯಾಕ್ಟರಿನ ಹುಸೇನಸಾಬ್ ಕೇಳಿದ ಬಾಡಿಗೆ ನನಗೆ ಹಿಡಿಸಲಿಲ್ಲ. "ನೋಡೋಣ ತಗೋ" ಎಂದು, ದರ ಇಳಿಯಲೆಂದು ಕಾದು ಕೂತೆ. ಹೆಂಡತಿ ನಾಗಮ್ಮ ಮಾತ್ರ ಪಕ್ಕದವರ ಎತ್ತು ತಂದು ಮೂಲೆಯ ಒಂದು ಮಡಿಯನ್ನು ಮಗುಚಿಸಿಯೇ ಬಿಟ್ಟಳು. ನಾನು ನಕ್ಕೆ. ಉಳಿದದ್ದು ಬೆಳೆಯಲಿ, ಎತ್ತರವಾದಷ್ಟೂ ಗೊಬ್ಬರ ಹೆಚ್ಚು, ಅದೂ ಪುಕ್ಕಟೆ!

ಹದಿನೆಂಟನೇ ದಿನ ಹುಸೇನಸಾಬ್ ನೂರು ಇಳಿಸಿದ. ಅಷ್ಟರಲ್ಲಿ ಸೆಣಬು ನನ್ನ ತಲೆ ದಾಟಿತ್ತು. ಎರಡು ಸುತ್ತು ಹೊಡೆದು, ಟ್ರ್ಯಾಕ್ಟರಿನ ಹಿಂದೆ ಮಣ್ಣು ಮಗುಚುವ ರೋಟವೇಟರಿನ ಅಲಗುಗಳಿಗೆ ಸುತ್ತಿಕೊಂಡ ನಾರನ್ನು ಕುಡುಗೋಲಿನಿಂದ ಕೊಯ್ಯುತ್ತ ಕೂತ. "ಸಾವ್ಕಾರ್ರ, ಇದು ಗೊಬ್ಬರ ಅಲ್ಲ ಬಿಡ್ರಿ. ಹಗ್ಗ ಹೊಸೀರಿ. ನಮ್ಮ ಎಮ್ಮಿಗೂ ಒಂದ್ ಕೊಡ್ರಿ!"

ಅಂತೂ ಮಗುಚಿಸಿ, ಬೆನ್ನಿಗೇ ಭತ್ತ ನಾಟಿ ಮಾಡಿಸಿದೆ. ನಾಟಿಯಾಗಿ ಇಪ್ಪತ್ತು ದಿನಕ್ಕೆ ನಾಗಮ್ಮನ ಮಡಿ ಕಡುಹಸಿರು, ನನ್ನ ಗದ್ದೆಗೆ ಕಾಮಾಲೆ. ರಸ್ತೆಯಲ್ಲಿ ಹೋಗುವವರೆಲ್ಲ ಬೈಕ್ ನಿಲ್ಲಿಸಿ, "ಆ ಮೂಲಿ ಮಡಿಗಿ ಏನ್ ಹಾಕೀರಿ?" ಎಂದು ಕೇಳುವುದು! ಉತ್ತರ ಹೇಳಿ ಹೇಳಿ ತಲೆ ಚಿಟ್ಟು ಹಿಡಿಯಿತು.

ಎಳೆಯ ಸೆಣಬು ಬೇಗ ಕೊಳೆತು ತನ್ನ ಸಾರಜನಕವನ್ನು ಬೆಳೆಗೆ ಬಿಟ್ಟುಕೊಡುತ್ತದೆ. ಬಲಿತದ್ದು ಬರೀ ಕಟ್ಟಿಗೆ. ಅದನ್ನು ಕರಗಿಸಲು ಹೊರಟ ಸೂಕ್ಷ್ಮಜೀವಿಗಳು, ಅದರಲ್ಲಿ ಸಾರ ಸಾಲದೆ, ಮಣ್ಣಿನಲ್ಲಿದ್ದ ಸಾರಜನಕವನ್ನೇ ಮೊದಲು ಉಂಡುಬಿಡುತ್ತವೆ. ಭತ್ತದ ಸಸಿ ಕೊನೆಯ ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಕಾಯಬೇಕು. ಬಾಳೆಹಣ್ಣು ಬಲಿತಷ್ಟೂ ಬೇಗ ಕೊಳೆಯುತ್ತದೆ, ಸೆಣಬು ಬಲಿತಷ್ಟೂ ಕೊಳೆಯಲೊಲ್ಲದು. ನನ್ನ ಬಾಳೆಹಣ್ಣಿನ ವಿದ್ಯೆ ಗದ್ದೆಯಲ್ಲಿ ತಲೆಕೆಳಗಾಗಿತ್ತು.

ಕೊನೆಗೆ ಯೂರಿಯಾ ಚೀಲ ಹೊತ್ತು ತಂದೆ. ನಾಗಮ್ಮ ಬದುವಿನ ಮೇಲಿಂದಲೇ ಕೇಳಿದಳು: "ಪುಕ್ಕಟೆ ಗೊಬ್ಬರಕ್ಕ ಗೊಬ್ಬರ ಹಾಕಾಕತ್ತೀರೇನ್ರಿ?"

ಗದ್ದೆ ಉಳಿಯಿತು, ತೆನೆ ಮಾತ್ರ ಸೊರಗಿತು. ರಾಶಿಯಾದಾಗ ಆಕೆ ತನ್ನ ಮಡಿಯ ಭತ್ತವನ್ನು ಬೀಜಕ್ಕೆಂದು ಬೇರೆಯೇ ಕಟ್ಟಿಸಿದಳು. ನನ್ನದರ ಕಡೆ ತಿರುಗಿಯೂ ನೋಡಲಿಲ್ಲ.

ಆದ್ದರಿಂದ ಹೇಳುತ್ತೇನೆ, ಕೇಳಿ. ಮೊಗ್ಗು ಕಂಡ ದಿನ ಸೆಣಬಿನ ಕಾಂಡಕ್ಕೆ ಉಗುರು ಒತ್ತಿ. ಇಳಿದರೆ ತಡಮಾಡದೆ ಮಗುಚಿ, ಬಾಡಿಗೆ ಎಷ್ಟೇ ಕೇಳಲಿ. ಇಳಿಯದಿದ್ದರೆ ಸಣ್ಣಗೆ ಕತ್ತರಿಸಿ ಸೇರಿಸಿ, ನಾಟಿಯನ್ನು ಮುಂದಕ್ಕೆ ಹಾಕಿ. ಚೌಕಾಸಿ ಮಾಡದೆ ಜೀವ ತಡೆಯದು ಅಂದರೆ, ಬಿತ್ತುವ ದಿನವೇ ಹುಸೇನಸಾಬನನ್ನು ಕರೆದು ಮಾಡಿ ಮುಗಿಸಿ. ನನ್ನ ಹೆಸರು ಮಾತ್ರ ಹೇಳಬೇಡಿ, ನೂರು ಜಾಸ್ತಿ ಕೇಳುತ್ತಾನೆ.