ಫಲಕದ ಮೇಲಿನ ಅಮ್ಮ

ಈ ಬರಹದಲ್ಲಿ ಭಾಷೆಯ ಅಥವಾ ನಿರೂಪಣೆಯ ದೋಷಗಳಿದ್ದರೆ ಓದುಗರು ಮನ್ನಿಸಬೇಕು. ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ. ಆದ್ದರಿಂದ ನಡೆದದ್ದನ್ನು ಸರಿಯಾಗಿ ಹೇಳುವ ಹೊಣೆಯೂ ನನ್ನದೆಂದು ಭಾವಿಸಿದ್ದೇನೆ.

ನಾವು ಕಿರಿಮಂಜೇಶ್ವರದವರು. ಅಮ್ಮ ಬೆಳಿಗ್ಗೆ ಗಂಗೊಳ್ಳಿ ಬಂದರಿನಲ್ಲಿ ಮೀನು ಕೊಂಡು, ಬಸ್ಸಿನಲ್ಲಿ ತಲ್ಲೂರಿಗೆ ಹೋಗಿ ಮನೆಮನೆಗೆ ಮಾರುತ್ತಿದ್ದರು. ಹಿಂದಿನ ದಿನದ ಮೀನಾದರೆ, ಯಾರೂ ಕೇಳುವ ಮೊದಲೇ ಹೇಳಿಬಿಡುತ್ತಿದ್ದರು. ಹೀಗಾಗಿ ಅಲ್ಲಿನ ಹೆಂಗಸರು ಬುಟ್ಟಿಯೊಳಗೆ ಇಣುಕದೆ ಪಾತ್ರೆ ಮುಂದೊಡ್ಡುತ್ತಿದ್ದರು.

ಹೆದ್ದಾರಿಯ ಪಕ್ಕದಲ್ಲಿ ಫಾಸ್ಟ್‌ಫುಡ್ ಅಂಗಡಿಯೊಂದು ತೆರೆಯುವ ಮುನ್ನ, ಅದರ ಕಡೆಯವರು ಅಮ್ಮನನ್ನು ರಸ್ತೆಯಲ್ಲಿ ಕಂಡು, ಅಂಗಡಿಯ ಗೋಡೆಗೆ ಊರಿನವರ ಚಿತ್ರ ಬೇಕೆಂದು ವಿನಯದಿಂದ ಕೇಳಿದರು. ಅಮ್ಮ ಒಪ್ಪಿದರು; ಫೋಟೋ ತೆಗೆದ ದಿನ ನಾನೂ ಜೊತೆಗಿದ್ದೆ. ಅವರು ತಂದಿದ್ದ ದೊಡ್ಡ ಅಂಜಲ್ ಮೀನಿಗೆ, ಫೋಟೋದಲ್ಲಿ ಹೊಳೆಯಲೆಂದು, ಒಬ್ಬಾತ ಬ್ರಷ್ಷಿನಿಂದ ಎಣ್ಣೆ ಸವರತೊಡಗಿದ. ಅಮ್ಮನಿಗೆ ನಗು ತಡೆಯಲಾಗಲಿಲ್ಲ.

"ಎಂತ ಮಾರಾಯಾ, ಮೀನಿಗೆ ಮದ್ವೆ ಮಾಡ್ಸುದಾ?"

ಆ ನಗುವೇ ಚಿತ್ರದಲ್ಲಿ ಬಂದಿತು. ಕೆಲವೇ ದಿನಗಳಲ್ಲಿ ಅದು ಹೆದ್ದಾರಿಯ ಎತ್ತರದ ಫಲಕದ ಮೇಲಿತ್ತು. ಪಕ್ಕದಲ್ಲಿ ತಲೆದಿಂಬಿನಂತೆ ಉಬ್ಬಿದ ಮೀನಿನ ಬರ್ಗರ್. ಕೆಳಗೆ, 'ಈ ಅಮ್ಮನ ಬುಟ್ಟಿಯಿಂದ ನಿಮ್ಮ ತಟ್ಟೆಗೆ. ಎಣ್ಣೆಯಿಲ್ಲ, ಹೃದಯಕ್ಕೆ ಹಿತ.' ಬಸ್ಸಿನ ಕಿಟಕಿಯಿಂದ ಅದನ್ನು ಮೊದಲು ಕಂಡಾಗ ನನಗೆ ಹೆಮ್ಮೆಯೇ ಆಯಿತು.

ಮೊದಲ ಮಾತು ಬಂದದ್ದು ಅಮ್ಮನ ಹಳೆಯ ಗಿರಾಕಿಯೊಬ್ಬರಿಂದ.

"ಏನೇ, ಒಳ್ಳೆ ಮೀನೆಲ್ಲ ಬರ್ಗರಿನವ್ರಿಗೆ ಕೊಟ್ಟ್, ಉಳ್ದದ್ದ್ ನಮ್ಗೆ ತತ್ತ್ಯಾ?"

"ದೇವ್ರಾಣೆ, ಒಂದ್ ಬಂಗ್ಡೆನೂ ಕೊಡ್ಲಿಲ್ಲೆ."

"ಹಂಗಾರೆ ಪಟ ಎಂತಕ್ಕೆ ಹಾಕೀರ್?"

ಅಂದಿನಿಂದ ಹೆಂಗಸರು ಬುಟ್ಟಿಯೊಳಗೆ ಕೈಹಾಕಿ ಕಿವಿರು ಬಿಡಿಸಿ ನೋಡತೊಡಗಿದರು.

ಎರಡನೆಯ ಮಾತು ಇನ್ನೂ ನೋಯಿಸಿತು. ಹೃದಯದ ಶಸ್ತ್ರಚಿಕಿತ್ಸೆಯಾಗಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಆ ಬರ್ಗರನ್ನು ಆಗಾಗ ತರಿಸಿ ತಿಂದಿದ್ದರು. ಕರಿದದ್ದೆಂದು ತಿಳಿದ ವೈದ್ಯರು ಗದರಿದ್ದರು. ಆ ಶಿಕ್ಷಕಿ ಅಮ್ಮನ ಮೇಲೆ ಸಿಟ್ಟಾಗಲಿಲ್ಲ.

"ನಿನ್ ಪಟ ಕಂಡೇ ತಿಂದದ್ದ್. ನೀನ್ ಇದ್ದಲ್ಲಿ ಸುಳ್ಳ್ ಇರುದಿಲ್ಲೆ ಅಂದ್ಕಂಡಿದ್ದೆ," ಎಂದಷ್ಟೇ ಹೇಳಿ, ಮೀನು ಬೇಡವೆಂದು ಬಾಗಿಲು ಹಾಕಿಕೊಂಡರು.

ನಾನೂ ಅಮ್ಮನೂ ಅಂಗಡಿಗೆ ಹೋದೆವು. ಗಾಜಿನ ಆಚೆ ಒಬ್ಬ ಹುಡುಗಿ ರಟ್ಟಿನ ಪೆಟ್ಟಿಗೆಯಿಂದ ಹಿಮಗಟ್ಟಿದ ಮೀನಿನ ಬಿಲ್ಲೆಗಳನ್ನು ತೆಗೆದು ಕುದಿಯುವ ಎಣ್ಣೆಗೆ ಬಿಡುತ್ತಿದ್ದಳು. ನಮಗೆ ಬಂದ ಬರ್ಗರ್ ಅಂಗೈಯಷ್ಟಿತ್ತು; ಬನ್ನಿನ ತಳ ಎಣ್ಣೆಯಲ್ಲಿ ನೆನೆದಿತ್ತು. ಅಮ್ಮ ತಿನ್ನಲಿಲ್ಲ. ಫಲಕದ ಬಗ್ಗೆ ಕೇಳಿದಾಗ ವ್ಯವಸ್ಥಾಪಕರು ಶಾಂತವಾಗಿ, "ಕೆಳಗೆ ಬರೆದಿದೆಯಲ್ಲ ಮೇಡಂ," ಎಂದರು.

ಬರೆದಿತ್ತು. ಫಲಕದ ಬುಡಕ್ಕೆ ಹೋಗಿ ನಿಂತರೆ ಮಾತ್ರ ಕಾಣುವ ಅಕ್ಷರಗಳಲ್ಲಿ, 'ಚಿತ್ರಗಳು ಕೇವಲ ಸಾಂಕೇತಿಕ.' ಅದರರ್ಥವನ್ನು ಅಮ್ಮನಿಗೆ ನಾನೇ ಬಿಡಿಸಿ ಹೇಳಬೇಕಾಯಿತು.

"ಅಂದ್ರೆ ನಾನೂ ಸುಳ್ಳಾ?" ಎಂದು ಕೇಳಿದರು. ಮೇಲೆ ಫಲಕದಲ್ಲಿ ಅವರೇ ನಗುತ್ತಿದ್ದರು.

ಫಲಕ ಬಹಳ ಕಾಲ ಹಾಗೆಯೇ ಇತ್ತು. ಅದನ್ನು ತೆಗೆಯಬೇಕೆಂದು ಅಂಗಡಿಯವರಿಗೆ ನಾನು ಬರೆದ ಮನವಿಗೆ ಉತ್ತರ ಬರಲಿಲ್ಲ. ಅಮ್ಮ ಈಗ ತಲ್ಲೂರಿಗೆ ಹೋಗುವುದಿಲ್ಲ. ಕುಂದಾಪುರದ ಮೀನು ಮಾರುಕಟ್ಟೆಯಲ್ಲಿ, ಪರಿಚಯವಿಲ್ಲದ ಗಿರಾಕಿಗಳ ಮುಂದೆ ಕುಳಿತು ಮಾರುತ್ತಾರೆ. ತಂಗಿಯ ನಿಶ್ಚಿತಾರ್ಥದ ದಿನ ಎಲ್ಲರೂ ಒಟ್ಟಿಗೆ ಫೋಟೋ ತೆಗೆಸಿಕೊಳ್ಳಲು ಕರೆದರೂ ಅವರು ಅಡುಗೆಮನೆಯಿಂದ ಹೊರಗೆ ಬರಲಿಲ್ಲ.