ಸೀರೆಯಿಂದ ಅಳೆದ ರಸ್ತೆ

ನಮ್ಮ ಓಣಿಗೆ ಈಗ ಡಾಂಬರು ಹಾಕುತ್ತಿದ್ದಾರೆ. ಬೆಳಗಿನಿಂದ ಅದೇ ವಾಸನೆ. ಹೆಂಡತಿ ಕಿಟಕಿ, ಬಾಗಿಲು ಎಲ್ಲ ಮುಚ್ಚಿ, ಸಾಲದ್ದಕ್ಕೆ ಊದುಬತ್ತಿಯನ್ನೂ ಹಚ್ಚಿ ಒಳಗೆ ಕುಳಿತಿದ್ದಾಳೆ. ನಾನು ಮಾತ್ರ ಕುರ್ಚಿಯನ್ನು ಹೊರಗೆ ಹಾಕಿಕೊಂಡಿದ್ದೇನೆ. ಬನಹಟ್ಟಿಯ ಮಗ್ಗಗಳ ಸದ್ದಿನಲ್ಲೇ ಹುಟ್ಟಿ ಬೆಳೆದ ಕಿವಿಗೆ ರೋಲರಿನ ಸದ್ದು ಯಾವ ಲೆಕ್ಕ? ಮೊನ್ನೆಯಷ್ಟೇ ನಿವೃತ್ತನಾದ ಗಣಿತದ ಮಾಸ್ತರನಿಗೆ ಬೇರೆ ಘನಕಾರ್ಯವೂ ಇಲ್ಲ. ಆದರೆ ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ಡಾಂಬರು, ಖಡಿ ಎಂದು ನಾವು ಕರೆಯುವ ಜಲ್ಲಿಕಲ್ಲು ಕಂಡಾಗಲೆಲ್ಲ ನನಗೆ ಚಿಗವ್ವನ ನೆನಪಾಗುತ್ತದೆ, ಎದೆ ಒಂದು ಗೇಣು ಉಬ್ಬುತ್ತದೆ.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ ನೀಲವ್ವ. ಅಕ್ಷರ ಬಾರದು. ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತಿ, ನೇಯ್ದ ಸೀರೆಗಳನ್ನು ಮಡಚಿ ಕೊಟ್ಟು, ಮೂರು ಮಕ್ಕಳನ್ನು ದಡ ಮುಟ್ಟಿಸಿದವಳು. ನಮ್ಮಲ್ಲಿ ಬಟ್ಟೆಯನ್ನು ಕೊಡುವವನು, ಕೊಳ್ಳುವವನು ಇಬ್ಬರೂ ಎದುರಿಗಿರುವಾಗ ಅಳೆಯುವುದು ರೂಢಿ. ಯಾವನಾದರೂ ವ್ಯಾಪಾರಿ ಒಳಗಿನ ಕೋಣೆಯಲ್ಲಿ ಅಳೆದು ತಂದು ಇಷ್ಟಾಯಿತು ಎಂದರೆ ಚಿಗವ್ವ ಜಪ್ಪಯ್ಯ ಎಂದರೂ ಒಪ್ಪುತ್ತಿರಲಿಲ್ಲ. "ನನ್ನ ಕಣ್ಣ ಮುಂದ ಅಳೀರಿ" ಎಂದು ಅಲ್ಲೇ ಪಟ್ಟಾಗಿ ಕೂತುಬಿಡುತ್ತಿದ್ದಳು. ಆಕೆಯ ಜೊತೆ ಹೋದಾಗ ನಾನು ದೂರದ ಅಂಗಡಿಯ ಬೋರ್ಡು ಓದುತ್ತ ನಿಲ್ಲುತ್ತಿದ್ದೆ, ನಾಚಿಕೆಯಿಂದ.

ಹತ್ತು-ಹನ್ನೆರಡು ವರ್ಷದ ಹಿಂದಿನ ಮಾತು. ಗಲಗಲಿಗೆ ಕೊಟ್ಟಿದ್ದ ಬಸುರಿ ಮಗಳ ಕುಬಸ, ಅಂದರೆ ಸೀಮಂತ. ಚಿಗವ್ವ ಹೊಸ ಹಸಿರು ಸೀರೆ, ಹೋಳಿಗೆಯ ಬುಟ್ಟಿ ಕಟ್ಟಿಕೊಂಡು ಹೊರಟಳು, ಬುಟ್ಟಿ ಹೊರಲು ನಾನು. ಮಹಾಲಿಂಗಪುರದಲ್ಲಿ ಬಸ್ಸು ಬದಲಿಸಿ ಮುಧೋಳಕ್ಕೆ ಬಂದೆವು. ಗಲಗಲಿಯ ಬಸ್ಸು ನಿಂತೇ ಇತ್ತು. ಆದರೆ ಎದುರಿನ ಗಾಡಿಯಲ್ಲಿ ಮಿರ್ಚಿ ಭಜಿ ಕರಿಯುತ್ತಿದ್ದರು. ನಾನು ಒಂದು ಪ್ಲೇಟು ಮುಗಿಸುವಷ್ಟರಲ್ಲಿ ಬಸ್ಸು ಹೋಗಿಯೇಬಿಟ್ಟಿತು.

"ನಿನ್ನ ಹೊಟ್ಟಿ ಸಲುವಾಗಿ ಟಂಟಂನ್ಯಾಗ ಕುಂದ್ರೂ ಹಣೇಬಾರ ಬಂತು ನೋಡ" ಎಂದು ಚಿಗವ್ವ ಬೈದಳು. ಟಂಟಂ ಎಂದರೆ ಆರು ಜನರ ಜಾಗದಲ್ಲಿ ಹನ್ನೆರಡು ಜನರನ್ನು ತುಂಬುವ ನಮ್ಮ ಕಡೆಯ ಆಟೋ. ಅದರಲ್ಲಿ ಮುದುಡಿಕೊಂಡು ಅರ್ಧ ದಾರಿ ಸಾಗಿರಬೇಕು, ಕಬ್ಬಿನ ಹೊಲಗಳ ನಡುವಿನ ತಿರುವಿನಲ್ಲಿ ನಮ್ಮ ಕೈತಪ್ಪಿದ ಅದೇ ಬಸ್ಸು ಕಾಲುವೆಯ ಪಕ್ಕದ ತಗ್ಗಿನಲ್ಲಿ ಮಗ್ಗಲಾಗಿ ಬಿದ್ದಿತ್ತು. ದೇವರು ದೊಡ್ಡವನು, ಯಾರ ಜೀವವೂ ಹೋಗಿರಲಿಲ್ಲ. ಏಳೆಂಟು ಜನರಿಗೆ ಪೆಟ್ಟಾಗಿತ್ತು. ಡ್ರೈವರ್ ದಸ್ತಗೀರನ ಕಾಲು ಮುರಿದಿತ್ತು. ಅವನನ್ನು ಬೇವಿನ ಗಿಡದ ನೆರಳಿನಲ್ಲಿ ಮಲಗಿಸಿದ್ದರು. ಚಿಗವ್ವ ಬಾಟಲಿಯ ನೀರು ಕುಡಿಸಿದಾಗ ಅವನು ಆಡಿದ್ದು ಒಂದೇ ಮಾತು.

"ಯವ್ವಾ, ನಾ ಜೋರ ಹೊಡದಿಲ್ಲ ಬೇ. ತಿರುವಿನ್ಯಾಗ ಖಡಿ ಹಾಕ್ಯಾರ, ಕಾಣಲೇ ಇಲ್ಲ."

ಖಡಿ ಇತ್ತು. ರಸ್ತೆ ದುರಸ್ತಿಗೆಂದು ಯಾರೋ ಗುತ್ತಿಗೆದಾರರು ತಿರುವಿನಲ್ಲೇ ರಾಶಿ ಸುರಿದು ಹೋಗಿದ್ದರು. ಎಚ್ಚರಿಕೆಯ ಒಂದು ಹಲಗೆಯಿಲ್ಲ, ಕೆಂಪು ಅರಿವೆಯಿಲ್ಲ. ಸೇರಿದ ಜನ ಮೊಬೈಲಿನಲ್ಲಿ ಬಸ್ಸಿನ ಫೋಟೊ ತೆಗೆದರು, ಅಳುವವರ ವಿಡಿಯೊ ಮಾಡಿದರು. ಖಡಿಯ ಕಡೆಗೆ ಯಾರೂ ಮೊಬೈಲು ತಿರುಗಿಸಲಿಲ್ಲ. ನನ್ನದು ಬಟನ್ ಫೋನು, ಅದನ್ನೂ ಮನೆಯಲ್ಲೇ ಮರೆತು ಬಂದಿದ್ದೆ.

ಅಷ್ಟರಲ್ಲಿ ಗಾಯಾಳುಗಳನ್ನು ದವಾಖಾನೆಗೆ ಕಳಿಸಿ, ಹವಾಲ್ದಾರರೊಬ್ಬರು ಪಂಚನಾಮೆಗೆ ಕುಳಿತರು. ಸ್ಥಳದಲ್ಲಿ ಕಂಡದ್ದನ್ನು ಬರೆದು ಇಬ್ಬರು ಪಂಚರ ಸಹಿ ಪಡೆಯುವ ಕಾಗದ ಅದು. ನಾನು ಮಾಸ್ತರ ಎಂದು ಗೊತ್ತಾದದ್ದೇ ತಡ, ಅವರ ಮುಖ ಅರಳಿತು.

"ಛಲೋ ಆತು ಮಾಸ್ತರ್ರ. ಸಹಿ ಮಾಡ್ರಿ, ನಾ ಆಮ್ಯಾಲ ತುಂಬಕೋತೀನಿ. ಇನ್ನೊಂದ ಹಾಳಿಗೂ ಮಾಡ್ರಿ, ಇರ್ಲಿ."

ಮಾಡಿದೆ. ಎರಡೂ ಖಾಲಿ ಹಾಳೆಗಳಿಗೆ, ಕೆಳಗೆ ಗೆರೆ ಎಳೆದು, ಚೆಂದವಾಗಿ. ಸರಕಾರಿ ನೌಕರರನ್ನು ಕೇಳಿ ನೋಡಿ, ನಾವೆಲ್ಲ ಹೀಗೆ ಎಷ್ಟು ಸಹಿ ಮಾಡಿದ್ದೇವೆಂದು ನಮಗೇ ಗೊತ್ತಿಲ್ಲ. ಎರಡನೇ ಸಾಕ್ಷಿ ಚಿಗವ್ವನೇ ಇರಲಿ ಎಂದು ಹವಾಲ್ದಾರರು ಆಕೆಯ ಮುಂದೆ ಮಸಿಯ ಡಬ್ಬಿ ಹಿಡಿದರು.

"ಏನ ಬರದೀರಿ, ಓದ್ರಿ" ಎಂದಳು ಆಕೆ.

"ಇನ್ನೂ ಬರದಿಲ್ಲ ಬೇ ಯವ್ವಾ."

"ಬರೀಲಾರದ್ದಕ್ಕ ಹೆಬ್ಬಟ್ಟ ಹ್ಯಾಂಗ ಒತ್ತಲಿ?"

ಜನ ನಕ್ಕರು. ಹವಾಲ್ದಾರರು ನಾನು ಸಹಿ ಮಾಡಿದ ಒಂದು ಹಾಳೆಯ ಮೇಲೆ ಸರಸರ ಬರೆದು ಓದಿದರು. ಡ್ರೈವರನು ಬಸ್ಸನ್ನು ಅತಿವೇಗ ಹಾಗೂ ನಿಷ್ಕಾಳಜಿತನದಿಂದ ನಡೆಸಿ ತಗ್ಗಿಗೆ ಕೆಡವಿದ್ದು ಇರುತ್ತದೆ, ಎಂದು. ಎಲ್ಲ ಅಪಘಾತಗಳಿಗೂ ಇದೇ ವಾಕ್ಯ, ಊರಿನ ಹೆಸರಷ್ಟೇ ಬೇರೆ.

"ಜೋರ ಬಂದಿದ್ನೋ ಇಲ್ಲೋ, ನೀವೂ ನೋಡಿಲ್ಲ, ನಾನೂ ನೋಡಿಲ್ಲ. ಖಡಿ ಇಬ್ರೂ ನೋಡೀವಿ. ಅದೆಲ್ಲಿ ಐತಿ ಇದರಾಗ?"

"ಖಡಿ ಬ್ಯಾರೆ ಇಲಾಖೆದ್ದು. ಅಳ್ಯಾಕ ಟೇಪೂ ಇಲ್ಲ, ಠಾಣೇದಾಗ ಐತಿ."

ಚಿಗವ್ವ ಬುಟ್ಟಿಯ ಮೇಲಿನ ಗಂಟು ಬಿಚ್ಚಿ ಮಗಳ ಕುಬಸದ ಸೀರೆ ತೆಗೆದಳು. ಒಂದು ತುದಿಯನ್ನು ಕಂಡಕ್ಟರನ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದು, ಸುಡುವ ರಸ್ತೆಯ ಮೇಲೆ ಅಡ್ಡಕ್ಕೆ ಹಾಸಿದಳು.

"ಚಿಗವ್ವಾ, ಹೊಸಾ ಸೀರಿ, ಹೊಲಸ ಆಗತೈತಿ!" ಎಂದೆ ನಾನು.

"ಸೀರಿ ಒಗದ್ರ ಹೋಗತೈತಿ. ಆ ಡ್ರೈವರನ ಹೆಸರಿಗೆ ಹತ್ತಿದ್ದ ಒಗದ್ರ ಹೋಗತೈತೇನ?"

ರಸ್ತೆಯ ಅಗಲ ಸರಿಯಾಗಿ ಒಂದು ಸೀರೆ. ಖಡಿಯ ರಾಶಿ ನುಂಗಿದ್ದು ಅರ್ಧ ಸೀರೆ, ಮೇಲೊಂದು ಸೆರಗು. ಸರಕಾರಕ್ಕೆ ಸೀರೆಯ ಅಳತೆ ನಡೆಯುವುದಿಲ್ಲ ಎಂದು ಹವಾಲ್ದಾರರು ಗೊಣಗಿದಾಗ, ನಾನು ಅದನ್ನು ಮೀಟರಿಗೆ ತಿರುಗಿಸಿ ಹೇಳಿದೆ. ಆ ದಿನ ನನ್ನಿಂದ ಆದ ಉಪಕಾರ ಅಷ್ಟೇ. ಅವರೂ ಕೆಟ್ಟವರಲ್ಲ. ಬರೆದದ್ದನ್ನು ನಮ್ಮೆದುರೇ ಹರಿದು, ಹೊಸ ಹಾಳೆಯಲ್ಲಿ ಖಡಿ, ಅಳತೆ, ಹಲಗೆ ಇಲ್ಲದ್ದು ಎಲ್ಲವನ್ನೂ ಬರೆದರು. ಚಿಗವ್ವ ಮೂರು ಸಲ ಓದಿಸಿ ಕೇಳಿ ಹೆಬ್ಬೆಟ್ಟು ಒತ್ತಿದಳು. ನಾನೂ ಸಹಿ ಮಾಡಿದೆ.

ಮರುದಿನ ಬೆಳಿಗ್ಗೆ ವಾಪಸು ಬರುವಾಗ ನೋಡಿದರೆ ತಿರುವಿನಲ್ಲಿ ಒಂದು ಹಿಡಿ ಖಡಿಯೂ ಇರಲಿಲ್ಲ. ಗುಡಿಸಿ ಸ್ವಚ್ಛ ಮಾಡಿದ್ದರು. ನಾನು ಸಹಿ ಮಾಡಿದ ಇನ್ನೊಂದು ಖಾಲಿ ಹಾಳೆ ಹವಾಲ್ದಾರರ ಹತ್ತಿರವೇ ಉಳಿದಿತ್ತೆಂದು ನನಗೆ ನೆನಪಾದದ್ದೂ ಆಗಲೇ. ಹೋಗಿ ಕೇಳಬೇಕಿತ್ತು. ಕೇಳಲಿಲ್ಲ. ಏನಾಗುತ್ತದೆ ಬಿಡು ಎಂದುಕೊಂಡೆ.

ದಸ್ತಗೀರನನ್ನು ಅಮಾನತು ಮಾಡಿದರು. ಕೆಲವು ತಿಂಗಳ ಮೇಲೆ ಮುಧೋಳದಲ್ಲಿ ಸಾರಿಗೆ ಸಂಸ್ಥೆಯ ವಿಚಾರಣೆ ಎಂದು, ಗೊತ್ತಿದ್ದವರು ಬಂದು ಹೇಳಬಹುದೆಂದು ಬಸ್ ನಿಲ್ದಾಣಗಳಲ್ಲಿ ಚೀಟಿ ಹಚ್ಚಿದರು. ನನ್ನ ಹತ್ತಿರ ಆ ಚೀಟಿ ಓದಿಸಿಕೊಂಡ ಚಿಗವ್ವ ತಾನೇ ಮೊದಲು ಹೋಗಿ ಮುಂದಿನ ಬೆಂಚಿನಲ್ಲಿ ಕುಳಿತಳು. ದಸ್ತಗೀರ ಬಡಿಗೆ ಊರಿಕೊಂಡು ಬಂದಿದ್ದ.

ವಿಚಾರಣೆಯ ಸಾಹೇಬರು ನನ್ನನ್ನು ಕರೆದು ಎರಡು ಹಾಳೆ ಮುಂದಿಟ್ಟರು. ಒಂದು, ಚಿಗವ್ವನ ಹೆಬ್ಬೆಟ್ಟು ಇದ್ದದ್ದು. ಇನ್ನೊಂದರಲ್ಲಿ ರಸ್ತೆ ಸಾಫಾಗಿತ್ತು, ಅಡೆತಡೆ ಏನೂ ಇರಲಿಲ್ಲ ಎಂದು ಬರೆದಿತ್ತು. ಕೆಳಗೆ ಯಾವನೋ ಅಪರಿಚಿತನ ಸಹಿ, ಅದರ ಪಕ್ಕದಲ್ಲಿ ಗೆರೆ ಎಳೆದ ನನ್ನ ಚೆಂದದ ಸಹಿ. ಅದನ್ನು ಯಾರು ತುಂಬಿದರೋ ನನಗೆ ಇವತ್ತಿಗೂ ಗೊತ್ತಿಲ್ಲ.

"ಎರಡರಲ್ಲೂ ನಿಮ್ಮ ಸಹಿ. ಯಾವುದು ಖರೆ ಮಾಸ್ತರ್ರ?"

ಮಗ್ಗುಲಲ್ಲಿ ಕುಳಿತ ಹಿತೈಷಿಯೊಬ್ಬರು ಪಿಸುಗುಟ್ಟಿದರು. "ಇದು ನಂದಲ್ಲ ಅನ್ರಿ. ನೌಕರಿ ಉಳೀತೈತಿ." ಅನ್ನಬಹುದಿತ್ತು. ಆದರೆ ಸಹಿ ನನ್ನದೇ ಎಂದು ಆಮೇಲೆ ತಿಳಿದರೆ, ನನ್ನ ಜೊತೆ ಚಿಗವ್ವನ ಹೆಬ್ಬೆಟ್ಟೂ ಸುಳ್ಳಾಗುತ್ತಿತ್ತು, ದಸ್ತಗೀರ ಶಾಶ್ವತವಾಗಿ ಮನೆಯಲ್ಲಿ ಕೂರಬೇಕಾಗುತ್ತಿತ್ತು. ಚಿಗವ್ವ ನನ್ನನ್ನೇ ನೋಡುತ್ತಿದ್ದಳು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

"ಹೆಬ್ಬಟ್ಟ ಇದ್ದದ್ದ ಖರೇರಿ. ಇನ್ನೊಂದರಾಗಿನ ಸಹಿನೂ ನಂದ. ಆದ್ರ ನಾ ಮಾಡಿದಾಗ ಆ ಹಾಳಿ ಖಾಲಿ ಇತ್ರಿ."

"ಮಾಸ್ತರಾಗಿ ಖಾಲಿ ಹಾಳಿಗೆ ಸಹಿ ಮಾಡಿದ್ರಿ?"

"ಹೌದ್ರಿ. ಓದೂದು ಕಲಿಸಾಂವ ನಾ, ಓದಸ್ಕೊಂಡಾಕಿ ನಮ್ಮ ಚಿಗವ್ವ."

ವರದಿ ಬರಲು ಮತ್ತೆ ತಿಂಗಳುಗಳೇ ಹಿಡಿದವು. ಚಿಗವ್ವ ಸಂತೆಗೆ ಹೋಗುವಂತೆ ವಾರಕ್ಕೊಮ್ಮೆ ಮುಧೋಳಕ್ಕೆ ಹೋಗಿ "ಬಂತೇನ್ರಿ?" ಎಂದು ಕೇಳಿ ಬರುತ್ತಿದ್ದಳು. ಕಡೆಗೆ ಬಂದ ದಿನ ಕಚೇರಿಯ ಪಡಸಾಲೆಯಲ್ಲೇ ಗುಮಾಸ್ತರಿಂದ ಪೂರ್ತಿ ಓದಿಸಿದಳು. ಖಡಿ ಸುರಿದವರ ತಪ್ಪು ಅದರಲ್ಲಿ ಬರೆದಿತ್ತು. ದಸ್ತಗೀರ ಮತ್ತೆ ಸ್ಟೇರಿಂಗ್ ಹಿಡಿದ. ನನಗೆ ಇಲಾಖೆಯಿಂದ ಎಚ್ಚರಿಕೆ ಪತ್ರ ಬಂತು, ಅದನ್ನು ಸರ್ವಿಸ್ ಬುಕ್ಕಿಗೆ ಅಂಟಿಸಿದರು. ನನ್ನ ಪ್ರತಿಯನ್ನು ಚಿಗವ್ವನಿಗೆ ಓದಿ ಹೇಳಿದ್ದು ಬಿಟ್ಟರೆ ಎಷ್ಟೋ ವರ್ಷ ಯಾರಿಗೂ ತೋರಿಸದೆ ಮುಚ್ಚಿಟ್ಟೆ.

ಮೊನ್ನೆ ಶಾಲೆಯಲ್ಲಿ ನನ್ನ ಬೀಳ್ಕೊಡುಗೆ. ಹೆಡ್‌ಮಾಸ್ತರರು ಶಾಲು ಹೊದಿಸಿ, ನನಗೇ ಗುರುತು ಸಿಗದಷ್ಟು ನನ್ನನ್ನು ಹೊಗಳಿದರು. ಮುಂದಿನ ಸಾಲಿನಿಂದ, ಈಗ ಎಪ್ಪತ್ತು ದಾಟಿದ ಚಿಗವ್ವ ಎದ್ದು ನಿಂತಳು.

"ಆ ಎಚ್ಚರಿಕಿ ಪತ್ರ ಯಾಕ ಬಿಟ್ರಿ? ಅದನ್ನೂ ಓದ್ರಿ."

"ಇಂಥಾ ಶುಭ ವ್ಯಾಳ್ಯಾದಾಗ ಅದ್ಯಾಕ್ರಿ ಯವ್ವಾ?"

"ಇಂವ ಎದಿ ಗಟ್ಟಿ ಮಾಡಿ ಮಾಡಿದ್ದ ಅದೊಂದ ಕೆಲಸ. ಅದನ್ನ ಬಿಟ್ರ ಹ್ಯಾಂಗ?"

ಹೆಡ್‌ಮಾಸ್ತರರು ನನ್ನ ಮುಖ ನೋಡಿದರು. ನಾನೇ ಮೈಕಿನ ಮುಂದೆ ಹೋದೆ. ಪತ್ರದ ಒಂದೊಂದು ಅಕ್ಷರವೂ ನನಗೆ ಬಾಯಿಪಾಠ. "ಸದರಿ ಶಿಕ್ಷಕರು ಖಾಲಿ ಹಾಳೆಗೆ ಸಹಿ ಮಾಡಿದ್ದನ್ನು ವಿಚಾರಣೆಯಲ್ಲಿ ತಾವಾಗಿಯೇ ಒಪ್ಪಿಕೊಂಡಿರುತ್ತಾರೆ" ಎನ್ನುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಗೋಡೆ ಹಿಡಿದು ಏಳುವುದು ಕಂಡಿತು. ದಸ್ತಗೀರ. ಗಡ್ಡ ಪೂರಾ ಬೆಳ್ಳಗಾಗಿದೆ, ಕುಂಟು ಹಾಗೇ ಇದೆ.

"ಮಾಸ್ತರ್ರ, ಅದೊಂದ ಸಾಲ ಇನ್ನೊಮ್ಮೆ ಓದ್ರಿ" ಎಂದ.

ಓದಿದೆ, ಇಡೀ ಓಣಿಗೆ ಕೇಳುವ ಹಾಗೆ.