ಹೊಳೆ ದಾಟದ ದೋಣಿ, ನಾಲ್ಕು ಡಿಸ್ಕುಗಳು

ನಾನಾಗ ಕುಮಟೆಯ ಒಂದು ವಿಡಿಯೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆ. ಮಂಕಿ ಊರಿನ ಒಬ್ಬ ಹೆಂಗಸು ಮತ್ತು ಅವರ ಜೊತೆಗಾರ್ತಿ ಹಾಡಿದ ಎಂಟು ಮದುವೆ ಹಾಡುಗಳು ನಮ್ಮ ಕಂಪ್ಯೂಟರಿನಲ್ಲಿದ್ದವು. ಒಬ್ಬರು ಸಾಲು ಹೇಳಬೇಕು, ಇನ್ನೊಬ್ಬರು ಅದನ್ನೇ ತಿರುಗಿ ಹೇಳಬೇಕು. ಅದು ಅವರ ಪದ್ಧತಿ.

ಹಾಡು ತುಂಬುವ ಮೊದಲು, ಕಂಪ್ಯೂಟರಿನ ನಾಲ್ಕು ಹಾರ್ಡ್ ಡಿಸ್ಕುಗಳನ್ನು ಹೇಗೆ ಜೋಡಿಸುವುದೆಂದು ಎರಡು ದಿನ ಚರ್ಚೆಯಾಗಿತ್ತು. ನಾಲ್ಕಕ್ಕೂ ಹಂಚಿ ಬರೆದರೆ ಪೂರ್ತಿ ಜಾಗ ಸಿಗುತ್ತದೆ, ಆದರೆ ಒಂದು ಕೆಟ್ಟರೆ ಎಲ್ಲವೂ ಹೋಯಿತು. ಒಂದರಲ್ಲಿ ಬರೆದದ್ದನ್ನೇ ಇನ್ನೊಂದರಲ್ಲೂ ಬರೆದರೆ ಅರ್ಧವೇ ಜಾಗ, ಆದರೆ ಪ್ರತಿ ಡಿಸ್ಕನ್ನೂ ಒಂಟಿಯಾಗಿ ಓದಬಹುದು.

"ಅವ್ರ ಹಾಡಿನ ಹಾಗೇ. ಒಬ್ರಿಗೆ ಕೆಮ್ಮು ಬಂದ್ರೂ ಹಾಡು ನಿಲ್ಲೂದಿಲ್ಲ," ಅಂದೆ.

"ಹಾಡಿಗೆಂತ ಜಾಗ ಬೇಕು ಮಾರಾಯ? ಮದುವೆ ವಿಡಿಯೋ ಎಲ್ಲಿಡ್ತೆ?" ಅಂದರು ಸ್ಟುಡಿಯೋದ ಯಜಮಾನರು.

ಅವರು ಮೂರನೆಯ ದಾರಿ ಹಿಡಿದರು. ಮೂರು ಡಿಸ್ಕಿಗೆ ತುಂಡು ತುಂಡಾಗಿ ಹಂಚಿ ಬರೆಯುವುದು, ನಾಲ್ಕನೆಯದರಲ್ಲಿ ಆ ಮೂರನ್ನೂ ಕೂಡಿಸಿದ ಲೆಕ್ಕ ಇಡುವುದು. ಒಂದು ಕೆಟ್ಟರೆ ಉಳಿದ ಮೂರರಿಂದ ಅದನ್ನು ಮತ್ತೆ ಪಡೆಯಬಹುದು.

ಡಿಸ್ಕು ಕೆಡಲಿಲ್ಲ. ಆಯುಧ ಪೂಜೆ ಬಂತು. ನಾನು ರಜೆಯ ಮೇಲೆ ಧಾರೇಶ್ವರದ ಮನೆಯಲ್ಲಿದ್ದೆ. ಯಜಮಾನರು ನಾಲ್ಕೂ ಡಿಸ್ಕುಗಳನ್ನು ಹೊರತೆಗೆದು ಒರೆಸಿ, ಕುಂಕುಮ ಹಚ್ಚಿ, ಕ್ಯಾಮೆರಾದ ಪಕ್ಕ ಸಾಲಾಗಿಟ್ಟು ಪೂಜೆ ಮಾಡಿ, ತೋಚಿದ ಹಾಗೆ ಮರಳಿ ಸಿಕ್ಕಿಸಿದ್ದರು.

ಮರುದಿನ ಬೆಳಿಗ್ಗೆ ಕಂಪ್ಯೂಟರಿಗೆ ಒಂದು ಹಾಡೂ ಕಾಣಲಿಲ್ಲ. ಡಿಸ್ಕುಗಳ ಕ್ರಮ ತಪ್ಪಿತ್ತು, ಯಾವುದು ಎಲ್ಲಿತ್ತೆಂದು ಯಜಮಾನರಿಗೆ ನೆನಪಿರಲಿಲ್ಲ. ಜೊತೆಗಾರ್ತಿ ಆ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಹಾಡುಗಳನ್ನು ಮತ್ತೆ ಹಾಡಿಸಿ ತುಂಬಿಕೊಳ್ಳುವಂತಿರಲಿಲ್ಲ. ಅಣ್ಣನ ಮಗಳ ಮದುವೆಗೆ ಆ ಹಾಡು ಬೇಕೆಂದು ಮಂಕಿಯ ಹೆಂಗಸು ಆಗಲೇ ಬಂದು ಬೆಂಚಿನ ಮೇಲೆ ಕೂತಿದ್ದರು.

ಹೊಸದೇನನ್ನೂ ಬರೆಯದಂತೆ, ಓದಲು ಮಾತ್ರ ಬರುವಂತೆ ಮಾಡಿಕೊಂಡೆ. ಲೆಕ್ಕದ ಡಿಸ್ಕಿನ ಚೀಟಿ ಬೇರೆ ಬಣ್ಣದ್ದು, ಗುರುತು ಸಿಕ್ಕಿತು. ಉಳಿದ ಮೂರು ಒಂದೇ ಥರ. ಅವನ್ನು ಆರು ರೀತಿಯಲ್ಲಿ ಇಡಬಹುದು. ಆರನ್ನೂ ಕಾಗದದ ಮೇಲೆ ಬರೆದು ಒಂದೊಂದಾಗಿ ನೋಡಿದೆ. ಮೊದಲ ಮೂರರಲ್ಲಿ ಏನೂ ಇಲ್ಲ. ನಾಲ್ಕನೆಯ ರೀತಿಗೆ ಹಾಡುಗಳ ಹೆಸರುಗಳು ಕಂಡವು, ಹಾಡೂ ಬಂತು!

"ಬಂತು ನೋಡು!" ಯಜಮಾನರು ಕುಣಿದರು.

ಹೆಂಗಸು ಕಿವಿಗೊಟ್ಟು ಕೇಳಿ ತಲೆ ಅಲ್ಲಾಡಿಸಿದರು. "ಎಂತದಾ ತಮಾ ಇದು? ದೋಣಿ ಇನ್ನೂ ಹೊಳೆ ದಾಟ್ಲಿಲ್ಲ, ಮದುಮಗಳು ಆಚೆ ದಡದಲ್ಲಿ ಕೂತಾಯ್ತು!"

ನಾವಿಬ್ಬರೂ ಆ ಹಾಡನ್ನು ಹತ್ತು ಸಲ ಕೇಳಿದ್ದವರು, ನಮಗೆ ತಿಳಿದಿರಲಿಲ್ಲ. ಯಾವ ಸಾಲಾದ ಮೇಲೆ ಯಾವುದು ಬರಬೇಕೆಂದು ಅವರು ಬೆರಳೆಣಿಸಿ ಹೇಳಿದರು. ಬರೆದುಕೊಂಡೆ. ಪ್ರತಿ ಸಲವೂ ಎರಡನೆಯ ತುಂಡು, ಮೂರನೆಯ ತುಂಡು ಅದಲುಬದಲಾಗಿದ್ದವು. ಆ ಎರಡು ಡಿಸ್ಕುಗಳನ್ನು ಬದಲಿಸಿದೆ.

ದೋಣಿ ಹೊಳೆ ದಾಟಿತು. ಆಮೇಲೆ ಮದುಮಗಳು ಕೂತಳು. ತೀರಿಹೋದವರ ದನಿ ಸಾಲು ಹೇಳಿತು. ಬೆಂಚಿನ ಮೇಲೆ ಕೂತವರು ತಮಗೇ ಗೊತ್ತಿಲ್ಲದೆ ಅದನ್ನು ತಿರುಗಿ ಹೇಳಿದರು.

"ಈಗ ಆತು," ಅಂದರು.

ಯಜಮಾನರು ತಾವೇ ಎರಡು ಖಾಲಿ ಸೀಡಿ ತಂದುಕೊಟ್ಟರು. ಎರಡರಲ್ಲೂ ಎಂಟೆಂಟು ಹಾಡು ಬರೆದೆ. ಒಂದು ಅವರ ಚೀಲದಲ್ಲಿ ಮಂಕಿಗೆ ಹೋಯಿತು, ಒಂದು ಕುಮಟೆಯಲ್ಲಿ ಉಳಿಯಿತು.

"ಇದಕ್ಕೆ ಕುಂಕುಮ ಹಚ್ಬೇಡಿ ಒಡೆಯಾ," ಎಂದು ಹೆಂಗಸು ಹೋಗುವಾಗ ಬಾಗಿಲಲ್ಲಿ ನಿಂತು, ಉಳಿದ ಸೀಡಿ ತೋರಿಸಿ ಹೇಳಿದರು.